ಅಪ್ಪ ಕೆನ್ನೆಗಿಟ್ಟು ನೋಡುತ್ತಿದ್ದ ಸೌದೆ

ಆಗಿನ್ನೂ ಗ್ಯಾಸಿನ ಒಲೆ ಪೇಟೆಯವರ ಮನೆಯಲ್ಲಷ್ಟೇ ಉರಿಯುತ್ತಿತ್ತು. ತೊಂಬತ್ತರ ದಶಕದಲ್ಲಿ ಪಾಂಡವಪುರದ ಹತ್ತಿರದ ನಮ್ಮ ಹಳ್ಳಿಯಲ್ಲಿ ಸೌದೆಯದೇ ಕಾರುಬಾರು. ಹಸಿ ಸೌದೆ ಉರಿಸಿದರೆ ಬೇರೆಯವರ ಕಣ್ಣಲ್ಲಿ ನೀರು ಬರುತ್ತಿತ್ತು, ಅಷ್ಟೇ. ನಮ್ಮ ಅವ್ವನಿಗೆ ಉಬ್ಬಸ. ಹೊಗೆ ಎದ್ದರೆ ಮುದ್ದೆ ತಿರುವುತ್ತಿದ್ದವಳು ಕೋಲು ಬಿಟ್ಟು ಬಾಗಿಲಿಗೆ ಓಡಿ, ಚೌಕಟ್ಟು ಹಿಡಿದು ಉಸಿರಿಗೆ ಒದ್ದಾಡುತ್ತಿದ್ದಳು. ನಾವು ಮಕ್ಕಳು ಹಸಿವು ಮರೆತು ನಿಲ್ಲುತ್ತಿದ್ದೆವು.

ಅದಕ್ಕೇ ಮಳೆಗಾಲಕ್ಕೆ ಮುಂಚೆ ಅಪ್ಪ ಗಾಡಿ ಕಟ್ಟಿಕೊಂಡು ತಾನೇ ಸೌದೆ ಡಿಪೋಗೆ ಹೋಗುತ್ತಿದ್ದ. ಒಂದು ವರ್ಷ ನನ್ನನ್ನೂ ಕೂರಿಸಿಕೊಂಡ. ಡಿಪೋ ತುಂಬ ಜಾಲಿ, ಹುಣಸೆಯ ಒಗರು ವಾಸನೆ. ಅಪ್ಪ ಎರಡು ಸೀಳು ಎತ್ತಿ ಒಂದಕ್ಕೊಂದು ಬಡಿಯುತ್ತಿದ್ದ. ಟಣ್ ಎಂದರೆ ಒಣಗಿದ್ದು, ದಬ್ ಎಂದರೆ ಹಸಿ. ಆಮೇಲೆ ಕೆನ್ನೆಗೆ ಒತ್ತಿಕೊಳ್ಳುತ್ತಿದ್ದ. ತಣ್ಣಗಿದ್ದರೆ ಪಕ್ಕಕ್ಕೆ ಎಸೆಯುತ್ತಿದ್ದ.

ನಾನೇನು ಕಮ್ಮಿ ಎಂದು ಬಿಸಿಲಲ್ಲಿದ್ದ ರಾಶಿಯಿಂದ ಒಂದನ್ನು ಎತ್ತಿ ಕೆನ್ನೆಗಿಟ್ಟೆ.

"ಬೆಚ್ಚಗದೆ ಕಣಪ್ಪ, ಚೆನ್ನಾಗಿ ಒಣಗ್ಬುಟ್ಟದೆ!"

"ಅದು ಬಿಸಿಲಿನ ಬಿಸಿ ಕಣವ್ವ. ನೆಳ್ಳಲ್ಲಿ ಮಡುಗು, ಆಮೇಲೆ ನೋಡು."

ನೆರಳಲ್ಲಿಟ್ಟು ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಕೆನ್ನೆ ಜುಮ್ಮೆಂದಿತು. ಅಷ್ಟು ಹಸಿ.

ಡಿಪೋದವನಿಗೆ ನಗು. "ಏನಣ್ಣೋ, ಸೌದೆಗೂ ಮುತ್ತು ಕೊಡ್ತೀಯಲ್ಲ! ಎಲ್ಲಾ ಒಲೆಗೋಗೋವೇ ಬುಡು."

"ಒಲೆ ಮುಂದೆ ಕೂರೋನು ನೀನಲ್ವಲ್ಲ, ಸುಮ್ಕಿರ್ಲಾ," ಎಂದು ಅಪ್ಪ ಮುಂದಿನ ಸೀಳು ಎತ್ತಿಕೊಂಡ.

ಮನೆಗೆ ಬಂದವಳೇ ಅದನ್ನೆಲ್ಲ ಅವ್ವನ ಮುಂದೆ ಒದರಿದೆ. "ಸಾಕು ಸುಮ್ಕಿರು," ಎಂದು ಗದರಿದ ಅವ್ವ ಸೆರಗಲ್ಲಿ ನಗು ಮುಚ್ಚಿಕೊಂಡಳು. ಅಪ್ಪನ ಕೆನ್ನೆ ತೊಗಟೆಗೆ ತರಚಿ ಕೆಂಪಾಗಿತ್ತು. ಅವಳು ಕೊಬ್ಬರಿ ಎಣ್ಣೆಯ ಬಟ್ಟಲು ತಂದು ಅವನ ಪಕ್ಕ ಇಟ್ಟಳು.

ಆ ಆಷಾಢವೆಲ್ಲ ಸೋನೆ ಹಿಡಿಯಿತು. ಒಲೆ ಮಾತ್ರ ನಿಗಿನಿಗಿ ಉರಿಯಿತು. ಉಪ್ಸಾರಿನ ಘಮ ಮನೆ ತುಂಬುತ್ತಿತ್ತು, ಅವ್ವ ಬಾಗಿಲಿಗೆ ಓಡಲಿಲ್ಲ. ಅಷ್ಟು ನೆಮ್ಮದಿಯಾಗಿ ನಾನು ಮತ್ತೆಂದೂ ಉಂಡಿಲ್ಲ.

ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಗೂ ಗ್ಯಾಸು ಬಂತು. ಅವ್ವ ಈಗ ನನ್ನ ಜೊತೆಗಿದ್ದಾಳೆ, ಉಬ್ಬಸ ಎಷ್ಟೋ ತಗ್ಗಿದೆ. ಒಳ್ಳೆಯದೇ ಆಯಿತು, ಸೌದೆ ಒಲೆ ಮತ್ತೆ ಬರಲಿ ಎಂದು ನಾನು ಬೇಡುವುದಿಲ್ಲ. ಅಪ್ಪ ಮಾತ್ರ ಬೇಕು ಅನ್ನಿಸುತ್ತದೆ.

ಮೊನ್ನೆ ಒಗ್ಗರಣೆಯ ಘಾಟಿಗೆ ಅವ್ವ ಒಂದೆರಡು ಸಲ ಕೆಮ್ಮಿದಳು. ಕೆಮ್ಮಿ, ನಡುಮನೆಯ ಕಡೆ ತಿರುಗಿ ಹಾಗೇ ನಿಂತಳು.

"ಯಾಕವ್ವ?" ಎಂದೆ.

"ಏನಿಲ್ಲ ಬುಡು. ಆಗ ನಾನು ಕೆಮ್ಮುದ್ರೆ ಒಂದು ಜೀವ ಎದ್ದು ಕೂತ್ಕತಿತ್ತು."