ಕೊರೀನಾಳ ಎರಡನೆಯ ಮೊದಲ ವರ್ಷ

ಕೊರೀನಾ ಸ್ಟಿಲ್ಟ್ನರ್ ನಮ್ಮ ವೆಸ್ಟ್ ವರ್ಜೀನಿಯಾದ ಗಣಿಯೂರಿನ ಆಂಬುಲೆನ್ಸಿನಲ್ಲಿ ಕೆಲಸ ಮಾಡುತ್ತಾಳೆ. ನಾನು ಕಲಿಸುತ್ತಿದ್ದ ಇತಿಹಾಸದ ತರಗತಿಯಲ್ಲಿ ಪ್ರಶ್ನೆ ಮುಗಿಯುವ ಮೊದಲೇ ಕೈಯೆತ್ತುತ್ತಿದ್ದ ಹುಡುಗಿ. ಈಗ ಮೂವತ್ತು ದಾಟಿದೆ. ಕೆಲಸದಿಂದ ಬಂದರೆ ಬೂಟು ಕಳಚುವುದಕ್ಕೂ ಅವಳಲ್ಲಿ ತ್ರಾಣವಿರುವುದಿಲ್ಲ.

ಹೈಸ್ಕೂಲಿನಲ್ಲೇ ಆಕೆ ಕಾಲೇಜು ಮಟ್ಟದ ರಸಾಯನಶಾಸ್ತ್ರ ಓದಿ, ಅದಕ್ಕೆಂದೇ ಇರುವ ಎ.ಪಿ. ಪರೀಕ್ಷೆಯಲ್ಲಿ ಐದಕ್ಕೆ ಐದು ತಂದಿದ್ದಳು. ಕಾಲೇಜಿನವರು ಅದನ್ನು ಮಾನ್ಯ ಮಾಡಿ, ಮೊದಲ ವರ್ಷದ ಆ ಪಾಠವನ್ನು ಓದುವುದೇ ಬೇಡವೆಂದರು. ಅವಳನ್ನು ಸಾಕಿದ ಅಜ್ಜಿ ಓಪಲ್, ಅಷ್ಟು ಶುಲ್ಕ ಉಳಿಯಿತೆಂದು ಚರ್ಚಿನವರಿಗೆಲ್ಲ ಕೇಕು ಹಂಚಿದ್ದಳು.

ಈ ವರ್ಷ ವೈದ್ಯಕೀಯ ಕಾಲೇಜಿಗೆ ಅರ್ಜಿ ಹಾಕಲೆಂದು ಕೊರೀನಾ ಫೋನಿನಲ್ಲಿ ವಿಚಾರಿಸಿದರೆ, ಅಲ್ಲಿ ಎ.ಪಿ. ಅಂಕ ನಡೆಯುವುದಿಲ್ಲವಂತೆ. ಆ ಪಾಠವನ್ನು ಪ್ರಯೋಗಾಲಯ ಸಹಿತ ಕಾಲೇಜಿನಲ್ಲೇ ಓದಿರಬೇಕು, ಇಲ್ಲವೇ ಅದಕ್ಕೆ ಬದಲಾಗಿ ಮೇಲಿನ ತರಗತಿಯ ಪಾಠಗಳನ್ನು ಓದಿರಬೇಕು. ನಮ್ಮ ಹತ್ತಿರದ ಕಾಲೇಜಿನಲ್ಲಿ ಸಂಜೆ ಹೊತ್ತು ಇರುವುದು ಮೊದಲ ವರ್ಷದ್ದೊಂದೇ.

"ಬಿಟ್ಬಿಡೇ," ಎಂದಳು ಓಪಲ್. "ನೀನು ಡಾಕ್ಟರಾಗೋ ಹೊತ್ತಿಗೆ ನಾನು ಮಣ್ಣಲ್ಲಿರ್ತೀನಿ. ಆಂಬುಲೆನ್ಸ್ ಕೆಲಸಕ್ಕೇನು ಕಮ್ಮಿಯಾಗಿದೆ?"

"ರೋಗಿಗಳನ್ನ ಆಸ್ಪತ್ರೆ ಬಾಗಿಲ ತನಕ ತಂದು ಬಿಟ್ಟು ಬರೋದೇ ಆಯ್ತಲ್ಲಜ್ಜಿ. ಆಮೇಲೆ ಏನಾಯ್ತು ಅಂತಾನೂ ಗೊತ್ತಾಗಲ್ಲ. ನಾನೂ ಒಳಗೆ ಹೋಗ್ಬೇಕು."

ಹೀಗೆ ಅವಳು ಮಂಗಳವಾರದ ಸಂಜೆಗಳಲ್ಲಿ ತರಗತಿಗೆ ಹೊರಟಳು. ಅಜ್ಜಿಯ ಜೊತೆಗೆ ಕೂರಲು ನಾನು ಒಪ್ಪಿದೆ.

ಪಾಠ ಮಾಡುವವನು ಡ್ವೈಟ್ ರ್‍ಯಾಟ್ಲಿಫ್! ಹೈಸ್ಕೂಲಿನಲ್ಲಿ ಅವಳ ಪಕ್ಕದಲ್ಲೇ ಕೂರುತ್ತಿದ್ದವನು. ಅದೇ ಪರೀಕ್ಷೆಯಲ್ಲಿ ಅವನಿಗೆ ಬಂದದ್ದು ಎರಡು. ಆದ್ದರಿಂದ ಕಾಲೇಜಿನಲ್ಲಿ ಆ ಪಾಠವನ್ನು ಮೊದಲಿನಿಂದ ಓದಬೇಕಾಯಿತು. ಓದುತ್ತ ಓದುತ್ತ ಹಿಡಿಸಿತು. ಈಗ ಅದನ್ನೇ ಕಲಿಸುತ್ತಾನೆ.

"ಏನೇ, ನನ್ನ ಪಾಠ ಸರಿಯಿದ್ಯಾ ಅಂತ ನೋಡೋಕೆ ಬಂದ್ಯಾ?"

"ಕಲಿಯೋಕೆ ಕಣೋ. ನಗಬೇಡ."

"ನಗಲ್ಲ ಬಿಡು. ಆವತ್ತು ನನಗೆ ಎರಡು ಬಂದಾಗ ನೀನು ನಕ್ಕಿದ್ದೇ ಇಬ್ಬರಿಗೂ ಸಾಕು."

ಪಾಠ ಮುಗಿದು ಪ್ರಯೋಗಕ್ಕೆ ಹೋಗುವಾಗ, ಗೋಡೆಗೆ ಒರಗಿಯೇ ತೂಕಡಿಸುತ್ತಿದ್ದ ಅವಳನ್ನು ಡ್ವೈಟ್ ಪಕ್ಕಕ್ಕೆ ಕರೆದ. "ನಿಂಗೆ ಇದೆಲ್ಲ ಬಾಯಿಪಾಠ. ಮನೇಗೆ ಹೋಗಿ ಮಲಕ್ಕೋ. ಹಾಜರಿ ನಾನು ಹಾಕ್ಕೋತೀನಿ, ವರ್ಷಪೂರ್ತಿ."

"ಟೀಚರ್, ಹೂಂ ಅನ್ನೋ ಮಾತು ತುಟೀವರೆಗೆ ಬಂದಿತ್ತು," ಎಂದು ಆಮೇಲೆ ಅವಳೇ ನನಗೆ ಹೇಳಿದಳು. ಆದರೆ ಅವನಿಗೆ ಹೇಳಿದ್ದು ಬೇರೆ: "ಬೇಡ ಕಣೋ. ಆವತ್ತು ಬಿಟ್ಟ ಪಾಠ ಇಷ್ಟು ವರ್ಷ ಆದ್ಮೇಲೆ ನನ್ನ ಹುಡುಕ್ಕೊಂಡು ಬಂದಿದೆ. ಇನ್ನೊಂದ್ಸಲ ತಪ್ಪಿಸ್ಕೊಂಡು ಓಡೋ ಶಕ್ತಿ ನಂಗಿಲ್ಲ."

ಪ್ರಯೋಗದಲ್ಲಿ ಅವಳು ಗಾಜಿನ ಕೊಳವೆಯ ನಲ್ಲಿಯನ್ನು ಜಾಸ್ತಿ ತಿರುಗಿಸಿಬಿಟ್ಟಳು. ಹನಿಹನಿಯಾಗಿ ಬಿಡಬೇಕಾದ ದ್ರಾವಣ ಒಮ್ಮೆಲೇ ಸುರಿದು, ತಿಳಿಗುಲಾಬಿ ಬರಬೇಕಾದಲ್ಲಿ ಕಡುಗೆಂಪು ಬಂತು.

"ಐದಕ್ಕೆ ಐದು ತಂದೋಳು ನೀನೇನಾ?" ಎಂದ ಡ್ವೈಟ್.

"ನಾನೇ. ಇದನ್ನ ಎಲ್ಲಿ ತೊಳೀಬೇಕು, ಅದು ಹೇಳು ಮೊದ್ಲು."

ಪಾಠ ಇನ್ನೂ ಮುಗಿದಿಲ್ಲವಾದ್ದರಿಂದ ಈ ವರ್ಷ ಅರ್ಜಿ ಹೋಗಲಿಲ್ಲ. ಮಂಗಳವಾರ ಸಂಜೆ ಓಪಲ್ ಜೊತೆ ನಾನು ಕೂರುವುದು ನಡೆದೇ ಇದೆ.