ಅಮೃತಪ್ಪನವರ ಮಗ ಕ್ರಿಕೆಟಿಗನಾದದ್ದು

ಸ್ವಪ್ನಿಲ್ ಬ್ಯಾಲೆ ಕಲಿಯುತ್ತಿದ್ದ ಎಂಬುದು ನನಗೆ ತಿಳಿದದ್ದು ಅವನಿಗೆ ಇಪ್ಪತ್ತನಾಲ್ಕು ವರ್ಷ ತುಂಬಿದ ಮೇಲೆ. ಮುಂಬೈ ಪಕ್ಕದ ಠಾಣೆಯ ವಾಗ್ಳೆ ಎಸ್ಟೇಟಿನ ನಮ್ಮ ಕಟ್ಟಡದಲ್ಲಿ ನಾನು ಮೂರನೇ ಮಹಡಿ, ಅವನ ಮನೆಯವರು ಎರಡನೆಯದು. ಅವರ ಮನೆಯ ಒಗ್ಗರಣೆಯ ವಾಸನೆ ನಮ್ಮ ಮನೆಗೆ ಬರುತ್ತಿತ್ತು. ಈ ಸುದ್ದಿಯೊಂದು ಬರಲಿಲ್ಲ.

ಅವನ ತಂದೆ ಅಮೃತಪ್ಪನವರು ಬಾಗಲಕೋಟೆ ಕಡೆಯವರು, ವಾಲ್ವ್ ಮಾಡುವ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಇಸ್ತ್ರಿ ಮಾಡಿದ ಅಂಗಿ ಹಾಕದೆ ಹಾಲು ತರಲೂ ಕೆಳಗಿಳಿಯುತ್ತಿರಲಿಲ್ಲ. ತಾಯಿ ಪಾರವ್ವನದು ಮಾತು ಕಡಿಮೆ. ಇವರಿಗೆ ಒಬ್ಬನೇ ಮಗ.

೨೦೦೭ರಲ್ಲಿ ಹುಡುಗನಿಗೆ ಹನ್ನೆರಡು. ಶಾಲೆಯ ವಾರ್ಷಿಕೋತ್ಸವದಲ್ಲಿ ಅವನು ಕುಣಿದದ್ದನ್ನು ಕಂಡು ಮಧ್ವರಾಜ ಎನ್ನುವವರೊಬ್ಬರು ಮನೆಗೆ ಬಂದರು. ಉಡುಪಿ ಕಡೆಯ ಮನುಷ್ಯ, ನವಿ ಮುಂಬೈಯ ಖಾರಘರದ ಗುಡ್ಡದ ಬುಡದಲ್ಲಿದ್ದ ಒಂದು ನೃತ್ಯಶಾಲೆಯಲ್ಲಿ ಬ್ಯಾಲೆ ಮೇಷ್ಟರು. ಮಕ್ಕಳು ಅಲ್ಲೇ ಉಳಿದು ಓದುತ್ತಿದ್ದ ಶಾಲೆ ಅದು. ಬ್ಯಾಲೆಗೆ ಗಂಡುಮಕ್ಕಳು ಸಿಗುವುದಿಲ್ಲ, ಆದ್ದರಿಂದ ಓದು, ಊಟ, ವಸತಿ ಎಲ್ಲ ಶಾಲೆಯದೇ ಎಂದರು. ಅಮೃತಪ್ಪನವರು ಆಗುವುದಿಲ್ಲ ಎಂದರು. ಹುಡುಗ ಎರಡು ದಿನ ಊಟ ಬಿಟ್ಟ. ಮೂರನೆಯ ದಿನ ಪಾರವ್ವನೂ ಬಿಟ್ಟಳು. ಕೊನೆಗೆ ಅವರು ಒಪ್ಪಿದ್ದು ಒಂದು ಶರತ್ತಿನ ಮೇಲೆ.

"ಬಿಲ್ಡಿಂಗಿನ್ಯಾಗ ಒಬ್ಬರಿಗೂ ಗೊತ್ತಾಗಬಾರದು. ಕೇಳಿದವರಿಗೆ ಕ್ರಿಕೆಟ್ ಹಾಸ್ಟೆಲ್ ಅಂತ ಹೇಳೂದು. ತಿಳೀತಿಲ್ಲೋ?"

ಹುಡುಗ ತಲೆಯಾಡಿಸಿದ. ಆ ಸೆಪ್ಟೆಂಬರಿನಲ್ಲಿ ಭಾರತ ಟ್ವೆಂಟಿ-ಟ್ವೆಂಟಿ ವಿಶ್ವಕಪ್ ಗೆದ್ದಿತು. ನಮ್ಮ ಕಟ್ಟಡದಲ್ಲಿ ಅಮೃತಪ್ಪನವರ ಮರ್ಯಾದೆ ಒಮ್ಮೆಲೇ ಏರಿತು.

ಶಾಲೆಯಲ್ಲಿ ಶನಿವಾರ ಮಧ್ಯಾಹ್ನ ಒಂದು ಗಂಟೆಗೆ ತರಗತಿ ಮುಗಿಯುತ್ತಿತ್ತು. ಹೊರಡುವ ಮುಂಚೆ ಪ್ರತಿಯೊಬ್ಬರನ್ನೂ ತೂಕದ ಯಂತ್ರದ ಮೇಲೆ ನಿಲ್ಲಿಸುತ್ತಿದ್ದರು. ಭಾನುವಾರ ಸಂಜೆ ಮರಳಿದ ಕೂಡಲೇ ಇನ್ನೊಮ್ಮೆ. ಅರ್ಧ ಕಿಲೋ ಹೆಚ್ಚಿದ್ದರೆ ಮುಂದಿನ ವಾರ ಮನೆಯಿಲ್ಲ. ತೂಕ ಎಲ್ಲರೆದುರು ಜೋರಾಗಿ ಓದುತ್ತಿದ್ದರು, ಉಳಿದ ಮಕ್ಕಳು ನಗಬೇಕೆಂದೇ.

ಮನೆಗೆ ಹೋಗದ ಮಕ್ಕಳೂ ಇದ್ದರು. ಅನುಷ್ಕಾ ಎಂಬ ಹುಡುಗಿಯ ತಂದೆತಾಯಿಗೆ ಸೂರತ್ತಿನಲ್ಲಿ ಹೋಟೆಲು. ಹೋಟೆಲಿಗೆ ಶನಿವಾರ ಭಾನುವಾರವೇ ಗಿರಾಕಿ, ಎರಡು ವರ್ಷದಲ್ಲಿ ಅವರು ಬಂದದ್ದು ಒಂದು ಸಲ. ಮನೆಗೆ ಹೋಗುವವರ ಬೆವರಿನ ಬಟ್ಟೆಗಳನ್ನೆಲ್ಲ ಅವಳು ಒಗೆದು ಒಣಹಾಕುತ್ತಿದ್ದಳು, ಬರುವಾಗ ಅವರು ಕದ್ದು ತಂದ ಚಕ್ಕುಲಿಗಾಗಿ. ತಂದ ಚಕ್ಕುಲಿಯನ್ನು ಕೆಲವರು ಅವಳೆದುರೇ ತಿಂದು ಮುಗಿಸಿ ಕೈ ಝಾಡಿಸುವುದೂ ಇತ್ತು. ಆದರೂ ಸ್ವಪ್ನಿಲ್‌ಗೆ ಅವಳನ್ನು ಕಂಡರೆ ಹೊಟ್ಟೆಕಿಚ್ಚು. ಅವಳು ಎಲ್ಲಿಗೂ ಹೋಗಬೇಕಾಗಿರಲಿಲ್ಲವಲ್ಲ.

ಅವನು ಖಾರಘರದಿಂದ ಹಾರ್ಬರ್ ಲೈನಿನ ಲೋಕಲ್ ರೈಲಿನಲ್ಲಿ ವಾಶಿಗೆ ಬಂದು, ಅಲ್ಲಿ ಠಾಣೆ ಗಾಡಿ ಹಿಡಿಯುತ್ತಿದ್ದ. ಠಾಣೆಯ ಪ್ಲಾಟ್‌ಫಾರ್ಮಿನಲ್ಲಿ ಅಮೃತಪ್ಪನವರು ಕಾದಿರುತ್ತಿದ್ದರು, ಕೈಯಲ್ಲಿ ಕ್ರಿಕೆಟ್ ಕಿಟ್ಟಿನ ಉದ್ದನೆಯ ಚೀಲ. ಮಗನ ಡ್ಯಾನ್ಸಿನ ಚೀಲವನ್ನು ಇಸಿದುಕೊಂಡು ಸ್ಟೇಷನ್ ಹೊರಗಿನ ಪರಿಚಯದ ಪಾನ್ ಅಂಗಡಿಯಲ್ಲಿ ಇಡುತ್ತಿದ್ದರು. ಕಿಟ್ ಹುಡುಗನ ಹೆಗಲಿಗೆ. ಬಸ್ಸಿನಲ್ಲಿ ಪಾಠ ನಡೆಯುತ್ತಿತ್ತು.

"ಈ ವಾರ ಎಷ್ಟ್ ಹೊಡದಿ?"

"ತೀಸ್, ಬತ್ತೀಸ್?"

"ಕನ್ನಡದಾಗ ಹೇಳು. ನಲವತ್ತೊಂದು. ರನ್‌ಔಟ್. ರನ್‌ಔಟ್ ಅಂದ್ರ ನಿನ್ನ ತಪ್ಪಲ್ಲ."

ಕಟ್ಟಡದ ಗೇಟಿನಲ್ಲಿ ನಾವು ಕೇಳುತ್ತಿದ್ದೆವು, ಅವನು ನಲವತ್ತೊಂದು ಎನ್ನುತ್ತಿದ್ದ. ಬೆನ್ನು ತಟ್ಟುತ್ತಿದ್ದೆವು. ಅವನ ಕಾಲ್ಬೆರಳುಗಳು ಯಾವಾಗಲೂ ಒಡೆದು, ಉಗುರು ಕಪ್ಪಾಗಿ ಇರುತ್ತಿದ್ದವು. ಸ್ಪೈಕ್ಸ್ ಶೂ ಕಚ್ಚುತ್ತದೆ ಎಂದು ಅಮೃತಪ್ಪನವರು ಹೇಳಿದರು. ನಾನು ನಂಬಿದೆ. ಮನೆಯಲ್ಲಿ ಪಾರವ್ವ ಬಿಸಿರೊಟ್ಟಿಗೆ ಬೆಣ್ಣೆ ಸವರಿ ಇಟ್ಟರೆ ಅವನು ಅರ್ಧ ತಿಂದು ತಟ್ಟೆ ಸರಿಸುತ್ತಿದ್ದ. ತಿಂದರೆ ಭಾನುವಾರ ತೂಕ. ಅವಳಿಗೆ ಅದನ್ನು ಹೇಳಲಿಲ್ಲ. ತನ್ನ ಅಡುಗೆ ಮಗನಿಗೆ ಸೇರುವುದಿಲ್ಲ ಎಂದುಕೊಂಡು ಅವಳು ಆ ಅರ್ಧ ರೊಟ್ಟಿಯನ್ನು ತಾನೇ ತಿನ್ನುತ್ತಿದ್ದಳು.

ಪಾರವ್ವ ಒಮ್ಮೆ ಅವನ ಶಾಲೆಗೆ ಹೋಗಿದ್ದಳು, ಪಾಲಕರ ದಿನಕ್ಕೆ, ಗಂಡನಿಗೆ ಹೇಳದೆ. ಹಿಂದಿನ ಸಾಲಿನಲ್ಲಿ ಕೂತು ಮಗ ಕುಣಿಯುವುದನ್ನು ನೋಡಿದಳು. ಮುಗಿದ ಮೇಲೆ ಅವನು ಹುಡುಕಿಕೊಂಡು ಬಂದಾಗ ಅವಳ ಸೆರಗು ಒದ್ದೆಯಾಗಿತ್ತು. "ನೆಲಕ್ಕ ಕಾಲ ಹತ್ತಲಿಲ್ಲಲ್ಲೋ ನಿಂದು," ಎಂದಳಂತೆ.

ಮೊದಲು ಮುಚ್ಚಿಡಲು ಹೇಳಿದ ಸುಳ್ಳು ಅಮೃತಪ್ಪನವರಿಗೆ ರುಚಿ ಹತ್ತಿತು. ಅವರ ಬಾಯಲ್ಲಿ ಎರಡನೆಯ ವರ್ಷ ಹುಡುಗ ಹದಿನಾಲ್ಕರ ಒಳಗಿನವರ ತಂಡದಲ್ಲಿದ್ದ. ಮೂರನೆಯ ವರ್ಷ ಠಾಣೆ ಜಿಲ್ಲೆಗೆ ಆಯ್ಕೆಯಾದ. ನಮ್ಮ ಹೌಸಿಂಗ್ ಸೊಸೈಟಿಯ ಸಭೆಯಲ್ಲಿ ಮೂಲೆಯಲ್ಲಿ ಕೂರುತ್ತಿದ್ದವರಿಗೆ ಮುಂದಿನ ಕುರ್ಚಿ ಸಿಕ್ಕಿತು. ಭಾನುವಾರ ಬೆಳಿಗ್ಗೆ ಹುಡುಗರು ಆಟಕ್ಕೆ ಕರೆದರೆ ಮಾತ್ರ, "ಟೆನ್ನಿಸ್ ಬಾಲಿನ್ಯಾಗ ಆಡಿದ್ರ ಕೈ ಕೆಡತೈತಿ, ಅವನ ಸರ್ ಬೈತಾರ," ಎನ್ನುತ್ತಿದ್ದರು.

ಅದಕ್ಕೆ ನಮ್ಮ ಹುಡುಗರ ಕ್ಯಾಪ್ಟನ್ ರಿತೇಶ್ ಒಂದು ದಾರಿ ಹುಡುಕಿದ. ೨೦೧೦ರ ಫೆಬ್ರವರಿಯಲ್ಲಿ ಪಕ್ಕದ ಸೊಸೈಟಿಯ ಮೇಲೆ ಪಂದ್ಯ, ಸ್ವಪ್ನಿಲ್‌ಗಾಗಿಯೇ ಲೆದರ್ ಬಾಲು. ಎಲ್ಲರೂ ಸೇರಿ ಅಮೃತಪ್ಪನವರ ಮನೆಗೆ ಹೋಗಿ ಕೇಳಿದೆವು. ನಾನೂ ಇದ್ದೆ. ಅವರು ಅಂಗಿಯ ಕಾಲರ್ ಸರಿಮಾಡಿಕೊಂಡು, "ಆಡ್ತಾನ, ಯಾಕ ಆಡೂದಿಲ್ಲ," ಎಂದರು.

ಪಂದ್ಯದ ಮರುವಾರವೇ ಶಾಲೆಯಲ್ಲಿ ದೊಡ್ಡ ಪ್ರದರ್ಶನವಿತ್ತು. ಸ್ವಪ್ನಿಲ್‌ಗೆ ಮುಖ್ಯ ಪಾತ್ರ. ಯಾವ ಆಟವನ್ನೂ ಆಡುವಂತಿಲ್ಲ ಎಂದು ಮಧ್ವರಾಜರು ಮಕ್ಕಳಿಂದ ಬರೆಸಿಕೊಂಡಿದ್ದರು. ಶನಿವಾರ ಠಾಣೆಯ ಪ್ಲಾಟ್‌ಫಾರ್ಮಿನಲ್ಲೇ ಹುಡುಗ ಅತ್ತ.

"ಪಪ್ಪಾ, ನಕೋ ನಾ. ಪಾಯಾಲಾ ಲಾಗ್ಲಂ ತರ್?" ಕಾಲಿಗೆ ಪೆಟ್ಟಾದರೆ ಎಂಬ ಹೆದರಿಕೆ ಅವನಿಗೆ.

"ಏನೂ ಆಗೂದಿಲ್ಲ. ಎರಡ್ ಬಾಲ್ ಆಡು, ಔಟ್ ಆಗಿ ಬಾ. ಜ್ವರಾ ಇತ್ತು ಅಂತ ಬಿಲ್ಡಿಂಗಿನವರಿಗೆ ನಾ ಹೇಳ್ತೀನಿ."

ಭಾನುವಾರ ಮೈದಾನದ ಸುತ್ತ ಇನ್ನೂರು ಜನ. ಸ್ವಪ್ನಿಲ್ ಪ್ಯಾಡ್ ಕಟ್ಟಿಕೊಂಡು ರಿತೇಶನ ಜೊತೆ ಮೊದಲಿಗೇ ಇಳಿದ. ಮೊದಲ ಚೆಂಡು ಎದೆ ಮಟ್ಟಕ್ಕೆ ಬಂತು. ಹುಡುಗ ಹೆದರಿ ಮೇಲಕ್ಕೆ ಹಾರಿದ. ಹೆದರಿಕೆಯಲ್ಲಿ ಮೈ ತನಗೆ ಗೊತ್ತಿದ್ದದ್ದನ್ನೇ ಮಾಡಿತು: ಎರಡೂ ಕಾಲು ಚಾಚಿ, ಗಾಳಿಯಲ್ಲೇ ಒಂದು ಸುತ್ತು ತಿರುಗಿ, ಸದ್ದಿಲ್ಲದೆ ಇಳಿದ. ಬ್ಯಾಟು ಮಾತ್ರ ಬಿದ್ದು ಸದ್ದಾಯಿತು.

ಇಡೀ ಮೈದಾನ ನಕ್ಕಿತು. ಎದುರು ತಂಡದ ಹುಡುಗರು ಸೊಂಟದ ಮೇಲೆ ಕೈಯಿಟ್ಟು ತಿರುಗತೊಡಗಿದರು. ಕೆಳಮನೆಯ ಚಂದ್ರಬಾಯಿಗೆ ನಗು ತಡೆಯಲಾಗದೆ ಕೆಮ್ಮು ಬಂತು. ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು.

ಅಮೃತಪ್ಪನವರು ಮೈದಾನದೊಳಗೆ ನಡೆದು ಮಗನ ಪ್ಯಾಡ್ ಸರಿಮಾಡುವವರಂತೆ ಬಾಗಿದರು. ಏನೋ ಧೈರ್ಯ ಹೇಳುತ್ತಿದ್ದಾರೆ ಎಂದುಕೊಂಡೆವು. ಅವರು ಹೇಳಿದ್ದು ಇಷ್ಟು: "ಇನ್ನೊಮ್ಮೆ ಹೆಂಗಸಿನಂಗ ಕುಣದಿ ಅಂದ್ರ ಇಲ್ಲೇ ಹುಗೀತೀನಿ. ಓಡು. ಬಾಲ್ ಎಲ್ಲಿ ಹೋದ್ರೂ ಓಡು."

ಎರಡನೆಯ ಚೆಂಡು ಬ್ಯಾಟಿಗೆ ತಾಗಿ ಪಕ್ಕಕ್ಕೆ ಹೋಯಿತು. ಅವನು ತಲೆ ತಗ್ಗಿಸಿ ಓಡಿದ, ತಿರುಗಿ ಎರಡನೆಯ ರನ್ನಿಗೂ ಓಡಿದ. ಗಣಪತಿ ಮಂಟಪದ ಕಂಬ ಕಿತ್ತ ಗುಂಡಿಯನ್ನು ಯಾರೂ ಮುಚ್ಚಿರಲಿಲ್ಲ. ಅವನ ಬಲಗಾಲು ಅದರೊಳಗೆ ಹೋಯಿತು, ಮೈ ಮುಂದಕ್ಕೆ ಹೋಯಿತು. ಮುರಿದ ಸದ್ದು ನಮಗೂ ಕೇಳಿಸಿತು.

ನಾನು, ರಿತೇಶ್, ಅಮೃತಪ್ಪನವರು ಅವನನ್ನು ರಿಕ್ಷಾದಲ್ಲಿ ಹಾಕಿಕೊಂಡು ಹತ್ತಿರದ ಆಸ್ಪತ್ರೆಗೆ ಹೋದೆವು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಹೇಳಿದರು: ಪಾದದ ಗಂಟು ಮುರಿದಿದೆ, ಎರಡು ದಾರಿ ಇವೆ. ಪ್ಲಾಸ್ಟರ್ ಹಾಕಿದರೆ ಕೂಡುತ್ತದೆ, ಸ್ವಲ್ಪ ಬಿಗಿತ ಉಳಿಯಬಹುದು, ನಡೆಯಲು ಅಡ್ಡಿಯಿಲ್ಲ. ಕಾಲು ಪೂರ್ತಿ ಬಾಗಲೇಬೇಕು ಎಂದರೆ ಇವತ್ತೇ ಆಪರೇಷನ್ ಮಾಡಿ ಪ್ಲೇಟ್ ಕೂರಿಸಬೇಕು.

"ಹುಡುಗ ಏನು ಮಾಡ್ತಾನೆ? ಜಿಮ್ನಾಸ್ಟಿಕ್ಸ್, ಡ್ಯಾನ್ಸ್, ಅಂಥದ್ದೇನಾದರೂ?"

ರಿತೇಶ್ ಜೋರಾಗಿ ನಕ್ಕ. "ಡ್ಯಾನ್ಸ್? ಅರೇ ಡಾಕ್ಟರ್, ಯೇ ಕ್ರಿಕೆಟರ್ ಹೈ, ಡಿಸ್ಟ್ರಿಕ್ಟ್ ಖೇಲ್ತಾ ಹೈ."

ಅಮೃತಪ್ಪನವರು ಗೋಡೆ ನೋಡುತ್ತಿದ್ದರು. ಡಾಕ್ಟರು ಹುಡುಗನತ್ತ ಬಾಗಿ, "ನೀನೇ ಹೇಳಪ್ಪ," ಎಂದರು. ಅವನು ತಂದೆಯನ್ನು ನೋಡಿದ, ರಿತೇಶನನ್ನು ನೋಡಿದ, ನನ್ನನ್ನೂ ನೋಡಿದ.

"ಕ್ರಿಕೆಟ್," ಎಂದ.

"ಹಾಗಾದರೆ ಪ್ಲಾಸ್ಟರ್ ಸಾಕು," ಎಂದರು ಡಾಕ್ಟರು. ನಾನು ಅವನ ತಲೆ ಸವರಿ, ಗಟ್ಟಿ ಹುಡುಗ ಎಂದೆ.

ಶಾಲೆಗೆ ಕಾಮಾಲೆ ಎಂದು ಫೋನು ಹೋಯಿತು. ಪ್ರದರ್ಶನ ಅವನಿಲ್ಲದೆ ನಡೆಯಿತು. ಪ್ಲಾಸ್ಟರ್ ಬಿಚ್ಚಿದ ಮೇಲೆ ಏಪ್ರಿಲಿನ ಒಂದು ಭಾನುವಾರ ಮಧ್ವರಾಜರೇ ಬಂದರು. ಗೇಟಿನಲ್ಲಿ ಚಂದ್ರಬಾಯಿಯನ್ನು ಕೇಳಿದರು, "ಸ್ವಪ್ನಿಲ್‌ನ ಮನೆ ಯಾವುದಮ್ಮ? ನಾನು ಅವನ ಸರ್." ಅವಳು ಮೆಟ್ಟಿಲ ಬುಡದಲ್ಲಿ ನಿಂತು, "ಕ್ರಿಕೆಟ್ ಕೋಚ್ ಆಲೇ!" ಎಂದು, ಕೋಚ್ ಬಂದ ಸುದ್ದಿಯನ್ನು ಕೂಗಿ ಹೇಳಿದಳು. ಹುಡುಗರು ಸುತ್ತುವರಿದು ಬೌಲಿಂಗ್ ಹೇಗೆ ಮಾಡಬೇಕೆಂದು ಕೇಳತೊಡಗಿದರು. ಆ ಮನುಷ್ಯ ಒಂದು ಸಲ ಎಲ್ಲರ ಮುಖ ನೋಡಿ, ಮೆಟ್ಟಿಲು ಹತ್ತಿದರು.

ಹುಡುಗ ಕುಂಟುತ್ತ ಎದುರು ಬಂದ. ಒಳಗೆ ಬಾಗಿಲು ಹಾಕಿದ ಮೇಲೆ, "ತುದಿಗಾಲಲ್ಲಿ ನಿಲ್ಲು," ಎಂದರು. ಹುಡುಗ ಬಲಗಾಲಿನ ಮೇಲೆ ಭಾರ ಹಾಕಿದ. ಹಿಮ್ಮಡಿ ಎರಡು ಬೆರಳಿನಷ್ಟು ಎದ್ದು ನಿಂತಿತು. ಮಧ್ವರಾಜರು ನೆಲದ ಮೇಲೆ ಕೂತು ಆ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಒತ್ತಿ, ತಿರುಗಿಸಿ ನೋಡಿದರು. ಹುಡುಗ ಹಲ್ಲು ಕಚ್ಚಿಕೊಂಡೇ ಕಾಲು ಮುರಿದದ್ದನ್ನೂ ಪ್ಲಾಸ್ಟರ್ ಹಾಕಿದ್ದನ್ನೂ ಹೇಳಿದ.

"ಇದಕ್ಕೆ ಪ್ಲಾಸ್ಟರಾ? ಎಂತ ಮಾಡಿಟ್ಟಿದ್ದೀರಿ ನೀವು?"

ಅಮೃತಪ್ಪನವರು, "ಮೆಲ್ಲಕ ಮಾತಾಡ್ರಿ," ಎಂದರು.

"ಸರ್, ಪ್ರಾಕ್ಟೀಸ್ ಕರೂಂಗಾ," ಎಂದ ಹುಡುಗ.

"ಪ್ರಾಕ್ಟೀಸ್ ಮಾಡಿದ್ರೆ ಎಲುಬು ಬಾಗುದಿಲ್ಲ ಮಾರಾಯ. ನಿನ್ನ ಜಾಗಕ್ಕೆ ಡೊಂಬಿವಲಿಯ ಹುಡುಗನನ್ನು ತಗೊಂಡಾಯ್ತು. ಸಾಮಾನು ತಂದಿದ್ದೇನೆ." ಚೀಲವನ್ನು ಹಾಸಿಗೆಯ ಮೇಲಿಟ್ಟು ಎದ್ದರು. ಪಾರವ್ವ ಚಹಾ ತಂದಿದ್ದಳು. ಕುಡಿಯಲಿಲ್ಲ.

ಕೆಳಗೆ ನಾವೆಲ್ಲ ಕಾದಿದ್ದೆವು. ರಿತೇಶ್ ಅಡ್ಡ ನಿಂತು, "ಸರ್, ವಾಪಸ್ ಖೇಲೇಗಾ ನಾ?" ಎಂದ.

"ಇಲ್ಲ. ಇನ್ನಾಗುದಿಲ್ಲ," ಎಂದು ಅವರು ಹೊರಟುಹೋದರು.

ಆ ಸಂಜೆ ಕಟ್ಟಡದವರೆಲ್ಲ ಸಾಂತ್ವನಕ್ಕೆ ಹೋದೆವು. ಒಳ್ಳೊಳ್ಳೆಯ ಆಟಗಾರರ ಗಾಯದ ಕಥೆಗಳನ್ನು ಹೇಳಿದೆವು. ಅಮೃತಪ್ಪನವರು ನನ್ನ ಕೈ ಹಿಡಿದು ಅತ್ತರು. "ಇನ್ನೆರಡ್ ವರ್ಷಾಗಿದ್ರ ರಣಜಿ ಆಡ್ತಿದ್ದ್ರಿ ನನ್ನ ಮಗಾ." ಆ ಅಳು ನಟನೆಯಲ್ಲ, ಇದನ್ನು ನಾನು ಈಗಲೂ ಹೇಳುತ್ತೇನೆ. ಮಂಚದ ಮೇಲಿದ್ದ ಹುಡುಗ ಬಂದವರಿಗೆಲ್ಲ ಥ್ಯಾಂಕ್ಯೂ ಹೇಳುತ್ತಿದ್ದ.

ಮುಂದೆ ಅವನು ಬಿಕಾಂ ಮಾಡಿ ಒಂದು ಕೊರಿಯರ್ ಕಂಪನಿಯ ಆಫೀಸಿಗೆ ಸೇರಿದ. ೨೦೧೯ರ ಮೇ ತಿಂಗಳಲ್ಲಿ ಠಾಣೆಯಾಚೆಯ ಕಲ್ಯಾಣದ ಕಾಂಚನಾಳ ಜೊತೆ ಮದುವೆಯಾಯಿತು. ಅವಳ ಮನೆಯವರಿಗೂ ಅವನು ಜಿಲ್ಲೆಗೆ ಆಡಿದ ಹುಡುಗ. ಮದುವೆಯಾಗಿ ಒಂದು ತಿಂಗಳಿಗೆ ಅವಳಿಗೊಬ್ಬಳಿಗೆ ನಿಜ ಹೇಳಿದ. ಅವಳು ತಮಾಷೆ ಎಂದುಕೊಂಡಳು. ಮರುದಿನ ಭಾನುವಾರ, ಎಲ್ಲರೂ ಊಟಕ್ಕೆ ಕೂತಾಗ ನಗುತ್ತ ಮಾವನಿಗೇ ಕೇಳಿದಳು.

"ಮಾವಾರ, ನಿಮ್ಮ ಮಗಾ ತಾನು ಬ್ಯಾಲೆ ಡ್ಯಾನ್ಸರ್ ಇದ್ದೆ ಅಂತಾರ, ಖರೇನ?"

ಅಮೃತಪ್ಪನವರು ತುತ್ತು ನುಂಗಿ ನೀರು ಕುಡಿದರು. "ಸಣ್ಣಾಂವ ಇದ್ದಾಗಿಂದ ಸುಳ್ಳ ಹೇಳೂ ಚಟಾ ಐತವಾ ಅವಂಗ. ನಂಬಬ್ಯಾಡ."

ಕಾಂಚನಾ ಬಿದ್ದು ಬಿದ್ದು ನಕ್ಕಳು. ಸ್ವಪ್ನಿಲ್ ತಾಯಿಯನ್ನು ನೋಡಿದ. ಅವಳು ಪಲ್ಯದ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಅವನು ಹಿಂದೆಯೇ ಹೋಗಿ ಕೇಳಿದ.

"ಅವ್ವಾ, ನೀನರ ಹೇಳಬೇಕಿತ್ತು. ತೂನೇ ದೇಖಾ ಥಾ ನಾ?"

"ನೋಡೀನಿ. ಈಗ ಹೇಳಿ ಏನ್ ಬರತೈತಿ? ಸೊಸಿ ಮುಂದ ನಿಮ್ಮಪ್ಪನ ಮಾರಿ ಏನಾಗಬೇಕು?" ಅವಳು ನಲ್ಲಿ ಬಿಟ್ಟು ಪಾತ್ರೆ ತೊಳೆಯತೊಡಗಿದಳು. "ಹೋಗು, ಅನ್ನಾ ಆರತೈತಿ."

ಮುಂದಿನ ತಿಂಗಳು ಅವನು ಕಲ್ಯಾಣದ ಪಕ್ಕದ ಠಾಕುರ್ಲಿಯಲ್ಲಿ ಬಾಡಿಗೆ ಮನೆ ಹಿಡಿದ. ನಾನು ಅಲ್ಲಿಗೆ ಹೋಗಿದ್ದಾಗ ಇದೆಲ್ಲ ಹೇಳಿದ, ಯಾರ ಮೇಲೂ ಸಿಟ್ಟಿಲ್ಲದವನ ಹಾಗೆ. ಆಸ್ಪತ್ರೆಯ ಮಾತು ಬಂದಾಗ ಮಾತ್ರ, "ಅಂಕಲ್, ನೀವು ಹೊರಗೆ ನಿಂತಿದ್ದರೆ ಹೇಳ್ತಿದ್ದೆನೋ ಏನೋ," ಎಂದ. 

ಅವನು ವಾಗ್ಳೆ ಎಸ್ಟೇಟಿಗೆ ಬರುವುದನ್ನು ನಿಲ್ಲಿಸಿದ್ದಾನೆ. ಮೊನ್ನೆ ಲಿಫ್ಟಿನ ಹತ್ತಿರ ಅಮೃತಪ್ಪನವರು ಸಿಕ್ಕರು. ಮಗ ಈಚೆಗೆ ಕಾಣುವುದಿಲ್ಲವಲ್ಲ ಎಂದು ಕೇಳಿದೆ. ಕೇಳಬಾರದಿತ್ತು.

"ಠಾಕುರ್ಲಿ ಹುಡುಗರಿಗೆ ಕ್ರಿಕೆಟ್ ಕೋಚಿಂಗ್ ಸುರು ಮಾಡ್ಯಾನ್ರಿ. ಐತವಾರ ಪುರಸತ್ತ ಇಲ್ಲ ಅವಂಗ."

ಒಳ್ಳೆಯದಾಯಿತು ಎಂದೆ. ಲಿಫ್ಟ್ ಬಂತು, ಇಬ್ಬರೂ ಒಳಗೆ ಹೋದೆವು.