ಟೈಪಿಂಗ್ ಅಕ್ಕ ಆರಿಸಿದ ಮುಖ್ಯಸ್ಥರು

ನಮ್ಮ ದೊಡ್ಡಮ್ಮ ಮೂವತ್ತೊಂದು ವರ್ಷ ಪೊಲೀಸ್ ಠಾಣೆಯಲ್ಲಿ ಟೈಪ್ ಮಾಡಿದವಳು. ಠಾಣೆಗೆಲ್ಲ ಅವಳು ‘ಟೈಪಿಂಗ್ ಅಕ್ಕ’. ಆರು ಮುಖ್ಯಸ್ಥರು ಬಂದರು, ಹೋದರು. ಅವಳ ಕುರ್ಚಿಯ ಮೇಲಿನ ದಿಂಬು ಮಾತ್ರ ಅಲ್ಲೇ ಇತ್ತು. ಊರನ್ನೆಲ್ಲ ನಡುಗಿಸುತ್ತಿದ್ದವರು ಒಂದು ಪತ್ರ ಬೇಗ ಬೇಕಾದರೆ ಅವಳ ಮೇಜಿನ ಮುಂದೆ ಬೆಕ್ಕಿನ ಹಾಗೆ ನಿಂತದ್ದನ್ನು ನಾನೇ ಕಂಡಿದ್ದೇನೆ.

ನಿವೃತ್ತಿಗೆ ಎಂಟು ತಿಂಗಳಿದ್ದಾಗ, ಏಳನೆಯ ಮುಖ್ಯಸ್ಥರನ್ನು ಆರಿಸುವ ಸಮಿತಿಗೆ ನಗರಸಭೆ ಅವಳನ್ನು ಸಿಬ್ಬಂದಿಯ ಪರವಾಗಿ ಹಾಕಿತು. ಉಳಿದವರಿಗೆಲ್ಲ ಬಡ್ತಿಯ ಆಸೆ, ಇವಳಿಗಿಲ್ಲ. ಅಷ್ಟೇ ಅರ್ಹತೆ. ಸಮಿತಿ ಕೊಟ್ಟ ಹಾಳೆಯಲ್ಲಿ ಹತ್ತು ಗುಣಗಳಿದ್ದವು, ಒಂದೊಂದಕ್ಕೂ ಹತ್ತು ಅಂಕ: ಧೈರ್ಯ, ಶಿಸ್ತು, ದೂರದೃಷ್ಟಿ ಇತ್ಯಾದಿ. ಇಂಥ ಹಾಳೆ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಬದನೆಕಾಯಿ ಕೊಳ್ಳುವವರೂ ಒಮ್ಮೆ ತಿರುಗಿಸಿ ಹುಳುಕು ಇದೆಯೇ ಎಂದು ನೋಡುತ್ತಾರೆ.

“ಮತ್ತೇನು ನೋಡ್ಬೇಕು ದೊಡ್ಡಮ್ಮ?” ಎಂದು ಕೇಳಿದೆ.

“ಎಲ್ಲ ಸರಿಯಿದ್ದಾಗ ಆರೂ ಜನ ಒಳ್ಳೆಯವರೇ. ಎಡವಟ್ಟಾದಾಗ ಯಾರ ಕಡೆ ಬೆರಳು ತೋರಿಸ್ತಾರೆ, ಅದನ್ನ ನೋಡ್ಬೇಕು,” ಎಂದವಳು ಸಪ್ಪಗಾದಳು. ಕಾರಣವನ್ನೂ ಅವತ್ತೇ ಹೇಳಿದಳು.

ಠಾಣೆಯಲ್ಲಿ ಮನೆ ತಪಾಸಣೆಯ ಆದೇಶವನ್ನು ಯಾರೂ ಮೊದಲಿನಿಂದ ಟೈಪ್ ಮಾಡುವುದಿಲ್ಲ. ಹಿಂದಿನದನ್ನೇ ತೆರೆದು ಹೆಸರು, ತಾರೀಕು, ವಿಳಾಸ ಬದಲಿಸುತ್ತಾರೆ. ಹನ್ನೊಂದು ವರ್ಷದ ಹಿಂದೆ ಒಂದು ದಿನ ದೊಡ್ಡಮ್ಮ ಹೆಸರು ಬದಲಿಸಿದಳು, ತಾರೀಕು ಬದಲಿಸಿದಳು, ಮನೆ ನಂಬರ್ ಮರೆತಳು. ಹಿಂದಿನ ತಿಂಗಳು ಹುಡುಕಿ ಏನೂ ಸಿಗದ ಮನೆಯ ಬಾಗಿಲನ್ನೇ ಬೇರೊಂದು ತಂಡ ಹೋಗಿ ಮುರಿಯಿತು. ಒಳಗಿದ್ದ ಮೇಷ್ಟ್ರು ಗಾಬರಿಯಲ್ಲಿ ಬಿದ್ದು ಸೊಂಟ ಮುರಿದುಕೊಂಡರು. ವಿಳಾಸವನ್ನು ಬಾಯಲ್ಲಿ ಹೇಳಿ ಬರೆಸಿದ್ದ ಇನ್‌ಸ್ಪೆಕ್ಟರು, ತಾವೇ ತಪ್ಪು ನಂಬರ್ ಹೇಳಿರಬೇಕು ಎಂದು ಎಲ್ಲವನ್ನೂ ತಮ್ಮ ಮೇಲೆ ಹಾಕಿಕೊಂಡು ವರ್ಗವಾಗಿ ಹೋದರು. ಅವರು ಹೇಳಿದ್ದನ್ನು ಬರೆದುಕೊಂಡಿದ್ದ ದೊಡ್ಡಮ್ಮನ ಪುಸ್ತಕದಲ್ಲಿ ಸರಿಯಾದ ನಂಬರೇ ಇತ್ತು. ಆ ಹಾಳೆ ಹರಿದು ಚೀಲಕ್ಕೆ ಹಾಕಿಕೊಂಡವಳು ಬಾಯಿಗೆ ಬೀಗ ಹಾಕಿದಳು.

ಈಗ ಕೊನೆಗುಳಿದ ಇಬ್ಬರು ಅಭ್ಯರ್ಥಿಗಳಲ್ಲಿ ಆ ಇನ್‌ಸ್ಪೆಕ್ಟರೂ ಒಬ್ಬರು. ಹೇಳಿದರೆ ಇವಳ ಮೂವತ್ತೊಂದು ವರ್ಷದ ಹೆಸರು ಮಣ್ಣುಪಾಲು, ಪಿಂಚಣಿಗೂ ಕುತ್ತು. ಹೇಳದಿದ್ದರೆ ಆ ಕಪ್ಪುಚುಕ್ಕೆ ಅವರನ್ನು ಬಿಡುವುದಿಲ್ಲ.

“ದಾರೀಲಿ ಹೋಗೋ ಮಾರೀನ ಮನೆಗ್ಯಾಕೆ ಕರೀತೀಯ ಅಕ್ಕ?” ಎಂದಳು ನಮ್ಮಮ್ಮ.

ಸಂದರ್ಶನದಲ್ಲಿ ಅವಳು ಇಬ್ಬರಿಗೂ ಒಂದೇ ಪ್ರಶ್ನೆ ಹಾಕಿದಳು: “ನಿಮ್ಮಿಂದ ತಪ್ಪಾದ ಮೇಲೆ ಏನು ಮಾಡಿದ್ರಿ?”

“ನನ್ನ ಸೇವೆಯಲ್ಲಿ ಅಂಥದ್ದು ಆಗೇ ಇಲ್ಲ,” ಎಂದರು ಮೊದಲನೆಯವರು. ಸಮಿತಿಯ ಅಧ್ಯಕ್ಷರು ತಲೆದೂಗಿ ಅಂಕ ಬರೆದರು.

ಎರಡನೆಯವರು ಮೇಷ್ಟ್ರ ಕಥೆ ಹೇಳಿದರು. “ಆಸ್ಪತ್ರೆಗೆ ಹೋದೆ. ಮುಖ ತಿರುಗಿಸಿಕೊಂಡ್ರು. ಮಾರನೇ ದಿನಾನೂ ಹೋದೆ. ಒಂಬತ್ತನೇ ದಿನ ಬಾಯ್ತುಂಬ ಬೈದ್ರು. ಅವತ್ತೇ ಮೊದಲು ನನ್ನ ಹತ್ರ ಮಾತಾಡಿದ್ದು.”

“ಒಂದು ಮನೆ ನಂಬರ್ ಸರಿಯಾಗಿ ಹೇಳೋಕಾಗದವರಿಗೆ ಊರನ್ನ ಹೇಗ್ರೀ ಒಪ್ಪಿಸೋದು?” ಎಂದು ಅಧ್ಯಕ್ಷರು ಸೊನ್ನೆ ಬರೆಯಹೊರಟರು.

ದೊಡ್ಡಮ್ಮ ಎದ್ದಳು. “ಅವರು ಸರಿಯಾದ ನಂಬರೇ ಹೇಳಿದ್ರು ಸರ್. ತಪ್ಪು ಟೈಪ್ ಮಾಡಿದ್ದು ನಾನು,” ಎಂದು ಹಳದಿಗಟ್ಟಿದ ಹಾಳೆಯನ್ನು ಮೇಜಿನ ಮೇಲಿಟ್ಟಳು.

ಹನ್ನೊಂದು ವರ್ಷ ತನ್ನದಲ್ಲದ ತಪ್ಪನ್ನು ಹೊತ್ತ ಮನುಷ್ಯ ಆ ಹಾಳೆಯನ್ನು ಎತ್ತಿಕೊಂಡು ಓದಿದರು. “ಆದೇಶ ಓದದೆ ಸಹಿ ಹಾಕಿದ್ದು ನಾನೇ. ಅದು ಬದಲಾಗಲ್ಲ,” ಎಂದಷ್ಟೇ ಹೇಳಿ, ದೊಡ್ಡಮ್ಮನ ಕಡೆ ನೋಡದೆ ಹೊರಟುಹೋದರು.

ಒಂದೇ ಮತದಿಂದ ಅವರು ಆಯ್ಕೆಯಾದರು. ಬಂದ ಮೊದಲ ವಾರವೇ ದೊಡ್ಡಮ್ಮನಿಗೆ ನೋಟಿಸ್! ತಪ್ಪು ಟೈಪ್ ಮಾಡಿದ್ದಕ್ಕಲ್ಲ, ಹನ್ನೊಂದು ವರ್ಷ ಮುಚ್ಚಿಟ್ಟಿದ್ದಕ್ಕೆ. ಬೇರೆ ಟೈಪಿಸ್ಟ್ ಇಲ್ಲದ್ದರಿಂದ ಅದನ್ನೂ ಅವಳೇ ಟೈಪ್ ಮಾಡಬೇಕಾಯಿತು.

“ಉಪಕಾರ ಮಾಡಿದವಳಿಗೇ ಬರೆ ಹಾಕಿದನಲ್ಲ, ಕೃತಘ್ನ!” ಎಂದು ಅಮ್ಮ ಕೂಗಾಡಿದಳು. ನಾನೂ ದನಿ ಸೇರಿಸಿದೆ.

“ನನ್ನನ್ನ ಬಿಟ್ಟಿದ್ರೆ ನಾಳೆ ಇನ್ನೊಬ್ಬನನ್ನ ಬಿಡ್ತಿದ್ರು. ಹಂಗೆ ಬಿಟ್ಟವರು ಆರು ಜನ ಆಗಿಹೋದ್ರು,” ಎಂದಳು ದೊಡ್ಡಮ್ಮ. ಹಾಗಂದರೂ ಅವಳ ಕಣ್ಣು ತುಂಬಿತ್ತು.

ಸಾವಿರಾರು ಜನರ ಹೇಳಿಕೆ ಟೈಪ್ ಮಾಡಿದವಳಿಗೆ ತನ್ನದನ್ನು ಬರೆಯಲು ಮೂರು ದಿನ ಹಿಡಿಯಿತು. ಕೊನೆಗೆ ಪೆನ್ನಿನಲ್ಲಿ ಒಂದೇ ಮಾತು ಬರೆದಳು: ‘ಹೆದರಿದ್ದೆ.’

ಮುಖ್ಯಸ್ಥರು ಅವಳ ಮೇಜಿನ ಹತ್ತಿರವೇ ಬಂದರು. “ಇಷ್ಟೇನಾ ಅಕ್ಕ?”

“ಇಷ್ಟೇ ಸರ್. ಇನ್ನೇನು ಸೇರಿಸಿದ್ರೂ ಸುಳ್ಳಾಗುತ್ತೆ.”

“ಹಾಗಾದ್ರೆ ಇದನ್ನ ಹೇಳಬೇಕಾದ್ದು ನನಗಲ್ಲ. ಮೇಷ್ಟ್ರು ಈಗಲೂ ಅದೇ ಮನೆಯಲ್ಲಿದಾರೆ, ಕೋಲು ಹಿಡ್ಕೊಂಡು ಓಡಾಡ್ತಾರೆ. ಏಳಿ, ಹೋಗೋಣ.”

“ಬೈದ್ರೆ?”

“ಬೈತಾರೆ. ನಾನು ಹೊರಗಿರ್ತೀನಿ. ಕೇಳಿಸ್ಕೊಂಡು ಬನ್ನಿ.”

ದೊಡ್ಡಮ್ಮ ಮುಕ್ಕಾಲು ಗಂಟೆ ಕೇಳಿಸಿಕೊಂಡು ಬಂದಳು.